ಹೊಲಿದ ದಗಲೆ, ಕಟ್ಟಿದ ಕಸೆ: ರಂಗದ ಚಾರಿತ್ರಿಕ ಉಡುಪನ್ನು ಕುರಿತು

ಕರ್ನಾಟಕದ ಉಡುಗೆತೊಡುಗೆಗಳ ಚರಿತ್ರೆಯನ್ನು ಬರೆಯಲು ಹೊರಟವರು ಮುಖ್ಯವಾಗಿ ಮೂರು ಬಗೆಯ ಆಕರಗಳನ್ನು ಆಶ್ರಯಿಸುತ್ತ ಬಂದಿದ್ದಾರೆ: ದೇವಾಲಯಗಳ ಶಿಲ್ಪ, ಭಿತ್ತಿಚಿತ್ರ, ಹಾಗೂ ಕಾವ್ಯ ಶಾಸನಗಳಲ್ಲಿ ದೊರೆಯುವ ವಸ್ತ್ರವಾಚಕ ಪದಗಳು. ಈ ಮೂರರಲ್ಲಿ ಯಾವುದೂ ಬಟ್ಟೆಯ ಒಳಮೈಯನ್ನು ತೋರಿಸುವುದಿಲ್ಲ. ಶಿಲ್ಪಿ ನೆರಿಗೆಯನ್ನು ಕೆತ್ತುತ್ತಾನೆ. ತೋಳು ಮೈಗೆ ಕೂಡುವ ಹೊಲಿಗೆ ಅವನಿಗೆ ಬೇಕಾಗುವುದಿಲ್ಲ. ಕವಿ ಬಣ್ಣವನ್ನೂ ನಯವನ್ನೂ ವರ್ಣಿಸುತ್ತಾನೆ. ಒಂದು ಕುಪ್ಪಸಕ್ಕೆ ಎಷ್ಟು ತುಂಡುಗಳನ್ನು ಕತ್ತರಿಸಬೇಕೆಂಬುದನ್ನು ಹೇಳುವುದಿಲ್ಲ. ಆದುದರಿಂದ ಹಿಂದಿನವರು ಏನನ್ನು ಉಟ್ಟರೆಂಬ ಪ್ರಶ್ನೆಗೆ ಒಂದಿಷ್ಟು ಉತ್ತರ ದೊರೆತಿದ್ದರೂ ಅದನ್ನು ಹೇಗೆ ಕತ್ತರಿಸಿದರು, ಹೇಗೆ ಹೊಲಿದರು ಎಂದು ಕೇಳಿದವರು ವಿರಳ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲ ನಾಲ್ಕನೆಯ ಆಕರವೊಂದಿದೆ. ಅದು ರಂಗಭೂಮಿಯ ವೇಷದ ಪೆಟ್ಟಿಗೆ. ಆಟದ ವೇಷವು ಚರಿತ್ರೆಗೆ ಪುರಾವೆಯಾಗಲಾರದು, ಅದು ಕಲಾವಿದನ ಕಲ್ಪನೆ ಎಂಬ ಆಕ್ಷೇಪ ಸಹಜವಾದುದು. ವೇಷದ ಹೊಳಪಿಗೆ ಈ ಆಕ್ಷೇಪ ಸಂಪೂರ್ಣವಾಗಿ ಸಲ್ಲುತ್ತದೆ. ಅದರ ಕತ್ತರಿಕೆಗೆ ಸಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖನದ ನಿಲುವು. ಅಲಂಕಾರ ಬೇಗ ಬದಲಾಗುತ್ತದೆ. ಕೈಯ ಕಸುಬು ನಿಧಾನವಾಗಿ ಬದಲಾಗುತ್ತದೆ.

ನಾವು ಈ ವಿಚಾರಕ್ಕೆ ತೊಡಗಿದ್ದು ಕರಾವಳಿಯಲ್ಲಲ್ಲ, ಮುಂಬಯಿಯ ಉಪನಗರವಾದ ಸಾಂತಾಕ್ರೂಜಿನಲ್ಲಿ. ಹೊರನಾಡಿನ ಓದುಗರಿಗೆ ಈ ಸ್ಥಳದ ಪರಿಚಯ ತುಸು ಅಗತ್ಯ. ರೈಲುಹಳಿಯ ಪೂರ್ವಕ್ಕೆ, ಕಲೀನಾದ ವಿದ್ಯಾನಗರಿಯಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಅದೇ ಪೂರ್ವ ಭಾಗದಲ್ಲಿ ಬಿಲ್ಲವ ಭವನವೂ ಪೇಜಾವರ ಮಠದ ಮುಂಬಯಿ ಶಾಖೆಯೂ ಇವೆ. ಹಳಿಯ ಪಶ್ಚಿಮಕ್ಕೆ ಜುಹುವಿನ ಕಡೆಗೆ ಹೋದರೆ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಆವರಣ. ಅಲ್ಲಿ ಗೃಹವಿಜ್ಞಾನದ ಅಂಗವಾಗಿ ವಸ್ತ್ರ ಮತ್ತು ಉಡುಪುಗಳ ಅಧ್ಯಯನ ನಡೆಯುತ್ತದೆ. ಇನ್ನೂ ಮುಂದೆ ಸಿನಿಮಾದವರ ಬಡಾವಣೆಗಳು. ಯಕ್ಷಗಾನದ ಆಟ, ಕನ್ನಡದ ಪಾಠ, ಬಟ್ಟೆಯ ಶಾಸ್ತ್ರ, ಚಲನಚಿತ್ರದ ವೇಷ ಇವೆಲ್ಲವೂ ಒಂದೆರಡು ಮೈಲಿಗಳ ಅಂತರದಲ್ಲಿವೆ. ಆದರೆ ಒಂದು ಇನ್ನೊಂದರ ಬಾಗಿಲನ್ನು ತಟ್ಟಿದ್ದು ಕಡಿಮೆ.

ಮೊದಲು ಸೂಜಿಯ ವಿಷಯವಾಗಿ ಬಹುಕಾಲ ನಡೆದ ವಾದವೊಂದನ್ನು ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪೂರ್ವ ಭಾರತದ ಜಿಲ್ಲೆಗಳ ಸಮೀಕ್ಷೆ ನಡೆಸಿದ ಫ್ರಾನ್ಸಿಸ್ ಬುಕಾನನ್, ಮುಸಲ್ಮಾನರು ಬರುವ ಮೊದಲು ಹಿಂದೂಗಳಿಗೆ ಸೂಜಿಯ ಪರಿಚಯವೇ ಇರಲಿಲ್ಲವೆಂಬ ಅಭಿಪ್ರಾಯವನ್ನು ದಾಖಲಿಸಿದನು. ಹೊಲಿಗೆಗೆ ದೇಶೀಯವಾದ ಪದ ತನಗೆ ಸಿಗಲಿಲ್ಲವೆಂಬುದು ಅವನ ಆಧಾರ. 1866ರಲ್ಲಿ ಫೋರ್ಬ್ಸ್ ವಾಟ್ಸನ್ ಭಾರತದ ಬಟ್ಟೆಗಳನ್ನು ಕುರಿತ ತನ್ನ ದೊಡ್ಡ ಗ್ರಂಥದಲ್ಲಿ ಈ ಮಾತನ್ನು ಎತ್ತಿ ಬಳಸಿಕೊಂಡ ಮೇಲೆ ಅದು ಪಾಠದ ರೂಪವನ್ನೇ ತಾಳಿತು. ಇದನ್ನು ಪ್ರಶ್ನಿಸಿ ಬರೆದವರು ಮುಂಬಯಿಯ ವಿದ್ವಾಂಸರೇ ಎಂಬುದು ಗಮನಾರ್ಹ. ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ಮೋತಿಚಂದ್ರರು ಪ್ರಾಚೀನ ಭಾರತದ ವೇಷಭೂಷಣಗಳ ಬಗ್ಗೆ ಹಿಂದಿಯಲ್ಲಿ 1950ರಲ್ಲಿಯೂ, ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆಯವರು ಭಾರತೀಯ ಉಡುಪಿನ ಬಗ್ಗೆ ಇಂಗ್ಲಿಷಿನಲ್ಲಿ 1951ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದರು. ಕತ್ತರಿಸಿ ಹೊಲಿದ ಉಡುಪು ಈ ನೆಲದಲ್ಲಿ ಹಳೆಯದೇ ಎಂಬುದಕ್ಕೆ ಇಬ್ಬರೂ ಶಿಲ್ಪ ಸಾಹಿತ್ಯಗಳಿಂದ ಹೇರಳವಾಗಿ ಆಧಾರಗಳನ್ನು ಒದಗಿಸಿದ್ದಾರೆ.

ಈ ವಾದದಲ್ಲಿ ಕನ್ನಡದ ಸಾಕ್ಷ್ಯಕ್ಕೆ ಸಲ್ಲಬೇಕಾದ ಸ್ಥಾನ ಸಲ್ಲಲಿಲ್ಲ. ಬುಕಾನನ್ ಅದೇ ಸಮೀಕ್ಷೆಗೆ ಹೋಗುವ ಮೊದಲು, 1800-01ರಲ್ಲಿ, ಮೈಸೂರು ಮತ್ತು ಕೆನರಾ ಸೀಮೆಗಳಲ್ಲಿ ಸಂಚರಿಸಿದ್ದವನು. ಇಲ್ಲಿ ಅವನು ಕೇಳಿದ್ದರೆ ‘ಹೊಲಿ’ ಎಂಬ ಅಚ್ಚ ದ್ರಾವಿಡ ಧಾತು ಅವನಿಗೆ ಎದುರಾಗುತ್ತಿತ್ತು. ಪಾರಸಿಯಿಂದ ಬಂದ ‘ದರ್ಜಿ’ಯ ಪಕ್ಕದಲ್ಲಿ ‘ಚಿಪ್ಪಿಗ’ ಎಂಬ ಹಳೆಯ ಪದ ಕನ್ನಡದಲ್ಲಿದೆ. ಸಿಂಪಿಗರೆಂಬ ಸಮುದಾಯವೇ ಇದೆ. ಎಲ್ಲಕ್ಕಿಂತ ಮಿಗಿಲಾಗಿ ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಶರಣನಿದ್ದಾನೆ. ಹೊಲಿಗೆ ಒಬ್ಬನ ಹೆಸರಿಗೆ ಅಂಟುವ ಮಟ್ಟಿಗೆ ಕಾಯಕವಾಗಬೇಕಾದರೆ ಹೊಲಿಸಿಕೊಳ್ಳುವವರು ಊರಲ್ಲಿ ಸಾಕಷ್ಟು ಮಂದಿ ಇರಲೇಬೇಕು. ಅದೇ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದ ವಸ್ತ್ರೋಪಭೋಗ ಪ್ರಕರಣದಲ್ಲಿ ನಾಗಪಟ್ಟಣ, ಅಣಹಿಲವಾಡ, ಮೂಲಸ್ಥಾನ, ಸಿಂಹಳ, ಕಳಿಂಗ, ಮಹಾಚೀನಗಳಿಂದ ಬರುವ ಬಟ್ಟೆಗಳನ್ನು ಹೆಸರಿಸಿ, ಯಾವ ಋತುವಿನಲ್ಲಿ ಯಾವುದನ್ನು ಧರಿಸತಕ್ಕದ್ದೆಂದು ವಿಧಿಸುತ್ತಾನೆ. ಅರಸನ ಬಟ್ಟೆಯ ಮೂಲ ನಮಗೆ ಅರಸನಿಂದಲೇ ತಿಳಿಯುತ್ತದೆ. ಹೊಲಿದವನು ಮಾತ್ರ ಕಲ್ಯಾಣದ ಇನ್ನೊಂದು ಬೀದಿಯಲ್ಲಿ, ಇನ್ನೊಂದು ಬಗೆಯ ಸಾಹಿತ್ಯದಲ್ಲಿ ಸಿಗುತ್ತಾನೆ.

ಹೀಗೆಂದು ಎಲ್ಲರೂ ಹೊಲಿದುದನ್ನೇ ತೊಡುತ್ತಿದ್ದರೆಂದಲ್ಲ. ಹೊಲಿದುದು ಮತ್ತು ಕಟ್ಟಿದುದು ಒಂದೇ ಕಾಲದಲ್ಲಿ, ಹಲವೊಮ್ಮೆ ಒಂದೇ ಮೈಮೇಲೆ ಕೂಡಿದ್ದವು. ಯಾವುದನ್ನು ಯಾರು ಎಲ್ಲಿ ತೊಡಬೇಕೆಂಬುದೇ ನಿಜವಾದ ವ್ಯವಸ್ಥೆ. ಅಜಂತೆಯ ಒಂದನೆಯ ಗುಹೆಯಲ್ಲಿ ಮಹಾಜನಕ ಜಾತಕದ ಚಿತ್ರವಿದೆ. ಅಲ್ಲಿ ಅರಸನ ಮೈ ಬಹುಮಟ್ಟಿಗೆ ತೆರೆದಿದೆ. ಅವನ ಮುಂದೆ ನರ್ತಿಸುವವಳು ಉದ್ದ ತೋಳಿನ ಹೊಲಿದ ಕುಪ್ಪಸವನ್ನು ತೊಟ್ಟಿದ್ದಾಳೆ. ವಿಜಯನಗರದ ಕಾಲಕ್ಕೆ ಬಂದರೆ ಈ ಸಂಬಂಧ ಬದಲಾಗುತ್ತದೆ. ಅರಸನೂ ಅಧಿಕಾರಿಗಳೂ ಆಸ್ಥಾನದಲ್ಲಿ ‘ಕಬಾಯಿ’ ಎಂಬ ಉದ್ದ ತೋಳಿನ ನಿಲುವಂಗಿಯನ್ನೂ ‘ಕುಲ್ಲಾಯಿ’ ಎಂಬ ಎತ್ತರದ ಟೊಪ್ಪಿಗೆಯನ್ನೂ ಧರಿಸತೊಡಗಿದರು. ಮೊದಲನೆಯದು ಅರಬ್ಬಿಯ ‘ಕಬಾ’, ಎರಡನೆಯದು ಪಾರಸಿಯ ‘ಕುಲಾಹ್’. 1996ರಲ್ಲಿ ಫಿಲಿಪ್ ವ್ಯಾಗನರ್ ಪ್ರಕಟಿಸಿದ ಪ್ರಬಂಧವು ಇದನ್ನು ಸಮಗ್ರವಾಗಿ ವಿವೇಚಿಸಿ, ಈ ಉಡುಪು ದಖ್ಖನಿನ ಹಾಗೂ ಪಶ್ಚಿಮ ಏಷ್ಯದ ದರಬಾರುಗಳಿಗೆ ಸಮಾನವಾಗಿದ್ದ ರಾಜಕೀಯ ಭಾಷೆಯ ಒಂದು ಅಂಗವೆಂದು ತೋರಿಸಿದೆ. 1520ರ ಸುಮಾರಿಗೆ ಹಂಪೆಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್, ಕೃಷ್ಣದೇವರಾಯನು ಚಿನ್ನದ ಕಸೂತಿಯ ಬಿಳಿಯ ಉಡುಪು ಧರಿಸಿ, ತಲೆಗೆ ಜರತಾರಿಯ ಟೊಪ್ಪಿಗೆ ಇಟ್ಟುಕೊಂಡು, ಬರಿಗಾಲಿನಲ್ಲಿದ್ದುದನ್ನು ವರ್ಣಿಸುತ್ತಾನೆ. ಅದೇ ಅರಸನ ಪ್ರತಿಮೆ ತಿರುಮಲೆಯ ದೇವಾಲಯದಲ್ಲಿದೆ. ಅಲ್ಲಿ ತಲೆಯ ಮೇಲೆ ಕುಲ್ಲಾಯಿ ಉಳಿದಿದೆ, ಕಬಾಯಿ ಇಲ್ಲ. ಎದೆ ಬರಿದು, ಸೊಂಟಕ್ಕೆ ಉಟ್ಟ ಪಂಚೆ. ದೇವರ ಮುಂದೆ ಹೊಲಿದುದು ಕಳಚುತ್ತದೆ, ಸಭೆಯಲ್ಲಿ ಮತ್ತೆ ಏರುತ್ತದೆ. (ಇಂದು ಕನ್ನಡಿಗರ ಮನೆಗಳಲ್ಲಿ ಹಸುಗೂಸಿನ ತಲೆಗೆ ಕಟ್ಟುವ ‘ಕುಲಾವಿ’ ಈ ಕುಲ್ಲಾಯಿಯ ಮೊಮ್ಮಗುವೇ ಎಂದು ನಾವು ಭಾವಿಸುತ್ತೇವೆ. ಸಾಮ್ರಾಜ್ಯದ ಟೊಪ್ಪಿಗೆ ತೊಟ್ಟಿಲಿಗೆ ಇಳಿದದ್ದು ಭಾಷೆಯ ಇತಿಹಾಸದಲ್ಲಿ ಅಪರೂಪವೇನಲ್ಲ.)

ಲೇಪಾಕ್ಷಿಯ ವೀರಭದ್ರ ದೇವಾಲಯದ ಮಾಳಿಗೆಯ ಚಿತ್ರಗಳು ಹದಿನಾರನೆಯ ಶತಮಾನದ ಪೂರ್ವಾರ್ಧಕ್ಕೆ ಸೇರಿದವು. ಅಲ್ಲಿ ಸಾಲಾಗಿ ನಿಂತ ಪುರುಷರ ತೆಳ್ಳನೆಯ ಬಿಳಿ ನಿಲುವಂಗಿ, ನಡುವಿಗೆ ಸುತ್ತಿದ ಪಟ್ಟಿ, ಚೂಪಾದ ಟೊಪ್ಪಿಗೆ ಇವೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಮೊದಲೇ ಹೇಳಿದಂತೆ ಚಿತ್ರ ಹೊರಮೈಯನ್ನಷ್ಟೇ ಕೊಡುತ್ತದೆ. ಆ ಅಂಗಿಯ ತೋಳನ್ನು ಹೇಗೆ ಕೂಡಿಸಿದರು? ಕೈ ಎತ್ತಿದಾಗ ಬಟ್ಟೆ ಹರಿಯದಂತೆ ಏನು ಮಾಡಿದರು? ಈ ಪ್ರಶ್ನೆಗಳೊಡನೆಯೇ ನಾವು ಸಾಂತಾಕ್ರೂಜಿನ ಚೌಕಿಗೆ ಹೋದದ್ದು.

ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಗೆ, ಮುಗಿಯುತ್ತದೆ. ಮಳೆಗಾಲದಲ್ಲಿ ಬಯಲಾಟ ಸಾಧ್ಯವಿಲ್ಲದ ಕಾರಣ ಕಲಾವಿದರ ತಂಡಗಳು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ಆಟವಾಡುವುದು ಬಹುಕಾಲದ ರೂಢಿ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಳ್ಳುವವರೆಗೆ ಪೆಟ್ಟಿಗೆಗಳು ಬಸ್ಸಿನ ಮೇಲೇರಿ ಘಟ್ಟ ಹತ್ತಿ ಬರುತ್ತಿದ್ದವು. ನಗರದಲ್ಲಿಯೇ ನೆಲೆಸಿದ ಹವ್ಯಾಸಿ ಮಂಡಳಿಗಳೂ ಇವೆ. ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಸ್ಥಳಕ್ಕೆ ಚೌಕಿ ಎಂದು ಹೆಸರು. ‘ವೇಷ ಕಟ್ಟುವುದು’ ಎಂಬ ಮಾತನ್ನೇ ಗಮನಿಸಬೇಕು. ಕರಾವಳಿಯ ಕನ್ನಡದಲ್ಲಿ ವೇಷವನ್ನು ತೊಡುವುದಕ್ಕಿಂತ ಹೆಚ್ಚಾಗಿ ಕಟ್ಟುತ್ತಾರೆ, ಆಟ ಮುಗಿದ ಮೇಲೆ ಬಿಚ್ಚುತ್ತಾರೆ.

ಕಟ್ಟುವ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲು ಕಾಲಿಗೆ ಚಲ್ಲಣ ಅಥವಾ ಇಜಾರು. ಚಲ್ಲಣವೆಂಬುದು ಕನ್ನಡ ಕಾವ್ಯಗಳಿಗೆ ಹಿಂದಿನಿಂದಲೂ ಪರಿಚಿತವಾದ ಪದ. ಇಜಾರು ಹೊರಗಿನಿಂದ ಬಂದುದು. ಚೌಕಿಯಲ್ಲಿ ಎರಡೂ ಒಟ್ಟಿಗೆ ಬದುಕಿವೆ. ಅದರ ಮೇಲೆ ಬಡಗುತಿಟ್ಟಿನಲ್ಲಿ ಚೌಕುಳಿಯ ಕಸೆ ಸೀರೆ. ಇದಕ್ಕೆ ಒಂದು ಹೊಲಿಗೆಯೂ ಇಲ್ಲ, ಇಡೀ ಸೀರೆಯನ್ನು ಕಚ್ಚೆಯಾಗಿ ಬಿಗಿದು ನೆರಿಗೆಗಳನ್ನು ಹರಡುತ್ತಾರೆ. ತೆಂಕುತಿಟ್ಟಿನಲ್ಲಿ ಸೊಂಟದಿಂದ ಇಳಿಬೀಳುವ ಬಾಲುಮುಂಡು ಎದ್ದು ಕಾಣುತ್ತದೆ. ಮೇಲ್ಮೈಗೆ ದಗಲೆ ಎಂಬ ಉದ್ದ ತೋಳಿನ ಹೊಲಿದ ಅಂಗಿ. ಮರಾಠಿಯ ‘ಡಗಲಾ’ ಎಂಬ ಪದದೊಡನೆ ಇದರ ನಂಟು ಸ್ಪಷ್ಟವಾಗಿದೆ. ದಗಲೆಯ ಮೇಲೆ ಹಗುರಾದ ಮರದಲ್ಲಿ ಕಡೆದು ಬೇಗಡೆ ಅಂಟಿಸಿದ ಎದೆಕಟ್ಟು, ಭುಜಕೀರ್ತಿ, ತೋಳಕಟ್ಟು, ನಡುವಿಗೆ ಡಾಬು, ಕೊನೆಗೆ ಕಿರೀಟ, ಅಥವಾ ಪ್ರತಿ ರಾತ್ರಿ ಬಟ್ಟೆ ಸುತ್ತಿ ಹೊಸದಾಗಿ ಕಟ್ಟುವ ಮುಂಡಾಸು.

ಎಲ್ಲ ಆಭರಣಗಳನ್ನೂ ತೆಗೆದಿಟ್ಟು ನೋಡಿದರೆ ಉಳಿಯುವುದು ಇಷ್ಟೇ: ಮೇಲೆ ಹೊಲಿದುದು, ಕೆಳಗೆ ಕಟ್ಟಿದುದು. ಈ ಜೋಡಣೆಯನ್ನು ಯಾವ ನಾಟಕ ಕಂಪೆನಿಯೂ ಕಲ್ಪಿಸಿಕೊಟ್ಟದ್ದಲ್ಲ. ಪುರಾಣದ ಪಾತ್ರಗಳಿಗೆ ಶಿಲ್ಪದಲ್ಲಿರುವಂತೆ ಬರಿಯ ಎದೆಯನ್ನು ಕೊಡದೆ, ಅರ್ಜುನನಿಗೂ ಕರ್ಣನಿಗೂ ಮಣಿಕಟ್ಟಿನವರೆಗೆ ತೋಳಿನ ಅಂಗಿಯನ್ನು ತೊಡಿಸಿದ ಸಂಪ್ರದಾಯ, ಅರಸನೆಂದರೆ ಹೊಲಿದ ಅಂಗಿಯವನು ಎಂದು ಜನ ತಿಳಿದಿದ್ದ ಕಾಲದಲ್ಲಿ ರೂಪುಗೊಂಡಿರಬೇಕು. ಅಂದರೆ ವಿಜಯನಗರದ ಉತ್ತರಾರ್ಧ ಹಾಗೂ ಅನಂತರದ ನಾಯಕ ಅರಸುಗಳ ಕಾಲ. ಇದು ನಮ್ಮ ಊಹೆ. ಆದರೆ ಲೇಪಾಕ್ಷಿಯ ಗೋಡೆಯನ್ನು ಕಂಡವರಿಗೆ ಅಸಂಗತವೆನಿಸದು.

ಇನ್ನು ಕತ್ತರಿಕೆ. ನಮ್ಮ ದೇಶದ ಹಳೆಯ ಪದ್ಧತಿಯಲ್ಲಿ ಅಂಗಿಯನ್ನು ನೇರ ತುಂಡುಗಳಿಂದ ಕಟ್ಟುತ್ತಾರೆ. ಮಗ್ಗದ ಬಟ್ಟೆಯ ಅಗಲ ಕಿರಿದು, ಅದನ್ನು ವೃಥಾ ಮಾಡಬಾರದು; ಆದ್ದರಿಂದ ಮೈಗೆ ನೇರವಾದ ತುಂಡು, ತೋಳಿಗೆ ನೇರವಾದ ತುಂಡು, ಅಗಲ ಬೇಕಾದಲ್ಲಿ ಓರೆಯಾಗಿ ಸೀಳಿದ ಪಟ್ಟಿ, ಕಂಕುಳಲ್ಲಿ ಚೌಕಾಕಾರದ ಒಂದು ಸಣ್ಣ ತುಂಡು. ಈ ಕಂಕುಳ ತುಂಡೇ ಇಡೀ ಉಡುಪಿನ ಜೀವ. ಅದಿದ್ದರೆ ಕೈಯನ್ನು ತಲೆಯ ಮೇಲಕ್ಕೆತ್ತಿದರೂ ಅಂಗಿಯ ಮೈ ಜೊತೆಗೆ ಏರುವುದಿಲ್ಲ. ಐರೋಪ್ಯ ಪದ್ಧತಿಯಲ್ಲಿ ಇದಕ್ಕೆ ಬದಲಾಗಿ ತೋಳಿನ ಬಾಯಿಯನ್ನು ಕಮಾನಿನಂತೆ ಕತ್ತರಿಸಿ, ತೋಳಿನ ತಲೆಯನ್ನೂ ಬಾಗಿಸಿ ಕೂಡಿಸುತ್ತಾರೆ. ಕೋಟು ಹೊಲಿಯುವವನಿಗೆ ಇದು ಸಹಜ; ನಿಂತಿರುವ ಮೈಗೆ ಅದು ಅಂದವಾಗಿ ಕೂರುತ್ತದೆ, ಕುಣಿಯುವ ಮೈಗೆ ಬಿಗಿಯುತ್ತದೆ. ಧೀಂಗಿಣ ಹಾಕುವ ವೇಷಧಾರಿಗೆ ಯಾವುದು ಬೇಕೆಂದು ಹೇಳಬೇಕಾಗಿಲ್ಲ. ಎರಡನೆಯದಾಗಿ, ವೇಷ ಮೇಳದ ಸೊತ್ತು, ಕಲಾವಿದನದಲ್ಲ. ಇಂದು ಸಣಕಲು ದೇಹದವನು ತೊಟ್ಟದ್ದನ್ನು ನಾಳೆ ಸ್ಥೂಲಕಾಯನು ತೊಡಬೇಕು. ಆದ್ದರಿಂದ ಗುಂಡಿಗಿಂತ ಲಾಡಿಗೆ, ಅಳತೆಗಿಂತ ಸಡಿಲಿಕೆಗೆ ಪ್ರಾಧಾನ್ಯ. ವಿದ್ವಾಂಸರು ‘ಸಂಪ್ರದಾಯ’ ಎಂದು ಕರೆಯುವುದರಲ್ಲಿ ಗಣನೀಯ ಭಾಗ ಇಂಥ ಅನುಕೂಲದ ಲೆಕ್ಕಾಚಾರವೇ ಆಗಿರುತ್ತದೆ.

ನಾವು ಮೊದಲ ಬಾರಿಗೆ ದಗಲೆಯೊಂದನ್ನು ತಿರುವಿ ಒಳಮೈ ತೋರಿಸಬೇಕೆಂದು ಕೇಳಿದಾಗ ವೇಷದ ಪೆಟ್ಟಿಗೆಯ ಉಸ್ತುವಾರಿಯವರು ನಕ್ಕರು. ಬಂದವರೆಲ್ಲ ಕಿರೀಟದ ಚಿತ್ರ ತೆಗೆದುಕೊಳ್ಳುತ್ತಾರೆ, ಅಂಗಿಯ ಅಸ್ತರು ನೋಡುವವರು ಇವರೊಬ್ಬರೇ ಎಂಬುದು ಅವರ ಮಾತಿನ ತಾತ್ಪರ್ಯ. ತೋರಿಸಲು ಮಾತ್ರ ಹಿಂಜರಿಯಲಿಲ್ಲ. ಮುಂಬಯಿಯ ಮಳೆಗಾಲದ ತೇವಕ್ಕೆ ಮಖಮಲ್ಲು ಬೂಸಲು ಹಿಡಿಯುವುದನ್ನೂ ಜರಿ ಕಪ್ಪಾಗುವುದನ್ನೂ ಅವರು ದೀರ್ಘವಾಗಿ ವಿವರಿಸಿದರು.

ಮಖಮಲ್ಲು ಎಂದಾಗ ಒಂದು ಹಳೆಯ ವ್ಯಾಜ್ಯ ನೆನಪಾಗುತ್ತದೆ. ಯಕ್ಷಗಾನವನ್ನು ಕುರಿತು ಗಂಭೀರವಾದ ಸಂಶೋಧನೆಗೆ ಅಡಿಪಾಯ ಹಾಕಿದ ಶಿವರಾಮ ಕಾರಂತರು, ನಾಟಕ ಕಂಪೆನಿಗಳ ಅನುಕರಣೆಯಿಂದ ಯಕ್ಷಗಾನದ ವೇಷ ಕೆಟ್ಟಿತೆಂದು ಕಟುವಾಗಿಯೇ ಟೀಕಿಸಿದವರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಸಂದಿತು. ಬರೆದು ಬಿಟ್ಟವರಲ್ಲ ಅವರು; ಹಳೆಯ ಬಣ್ಣ, ಹಳೆಯ ಕಸೆ, ಹಳೆಯ ಮುಂಡಾಸುಗಳನ್ನು ತಮ್ಮ ಪ್ರಯೋಗಗಳಲ್ಲಿ ಮತ್ತೆ ಬಳಕೆಗೆ ತಂದರು. ಕರ್ನಾಟಕದ ಮ್ಯೂಸಿಯಮ್ಮುಗಳಲ್ಲಿ ಇಂದು ಪ್ರಮಾಣವೆಂದು ಕಾಣುವ ಬಡಗುತಿಟ್ಟಿನ ವೇಷದ ಹಿಂದೆ ಅವರ ಈ ಶ್ರಮವಿದೆ. ಅವರ ನಿಲುವಿನ ಸಾರವನ್ನು ನಾವು ಒಪ್ಪುತ್ತೇವೆ. ಆದರೆ ಕಂಪೆನಿ ನಾಟಕದ ವೇಷವು ಯಕ್ಷಗಾನಕ್ಕೆ ಸಂಪೂರ್ಣವಾಗಿ ಪರಕೀಯವೆಂಬ ಭಾವನೆಯನ್ನು ಚರಿತ್ರೆಯ ಬೆಳಕಿನಲ್ಲಿ ತುಸು ತಿದ್ದಬೇಕಾಗಿದೆ.

ಉತ್ತರ ಕನ್ನಡದ ಹೊನ್ನಾವರದ ಹತ್ತಿರ ಕರ್ಕಿ ಎಂಬ ಊರಿದೆ. ಅಲ್ಲಿಯ ಭಾಗವತ ಮೇಳವು 1842ರಲ್ಲಿ ಸಾಂಗಲಿಗೆ ಹೋಗಿ ಆಟವಾಡಿತು. ಅದನ್ನು ಕಂಡ ಸಾಂಗಲಿಯ ಅಧಿಪತಿ ಚಿಂತಾಮಣರಾವ್ ಪಟವರ್ಧನರು ಅಂಥದೇ ಆಟವನ್ನು ಮರಾಠಿಯಲ್ಲಿ ಸಿದ್ಧಪಡಿಸುವಂತೆ ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರಲ್ಲಿ ‘ಸೀತಾ ಸ್ವಯಂವರ’ ಪ್ರಯೋಗಗೊಂಡಿತು. ಆಧುನಿಕ ಮರಾಠಿ ರಂಗಭೂಮಿ ಅಲ್ಲಿಂದ ತನ್ನ ವಯಸ್ಸನ್ನು ಎಣಿಸುತ್ತದೆ. ಭಾವೆಯವರ ಮಂಡಳಿ 1853ರಲ್ಲಿ ಮುಂಬಯಿಗೆ ಬಂದು ಗ್ರಾಂಟ್ ರೋಡಿನ ನಾಟಕಶಾಲೆಯಲ್ಲಿ ಆಡಿತು. ಅದೇ ವರ್ಷ, ಅದೇ ನಗರದಲ್ಲಿ, ಪಾರ್ಸಿ ನಾಟಕ ಮಂಡಳಿಯ ಪ್ರದರ್ಶನಗಳೂ ಆರಂಭವಾದವು. ಮುಂದಿನ ದಶಕಗಳಲ್ಲಿ ಪಾರ್ಸಿ ಮತ್ತು ಮರಾಠಿ ಕಂಪೆನಿಗಳು ಪರಸ್ಪರ ನೋಡಿ ಕಲಿತು, ಗ್ಯಾಸಿನ ದೀಪದ ಬೆಳಕಿಗೆ ಹೊಳೆಯುವಂಥ ಮಖಮಲ್ಲು, ಸಾಟೀನು, ಜರಿಯ ಪಟ್ಟಿಗಳನ್ನು ಪುರಾಣಪುರುಷರ ಮೈಗೇರಿಸಿದವು. 1870ರ ದಶಕದಿಂದ ಸಿಂಗರ್ ಹೊಲಿಗೆಯಂತ್ರ ಭಾರತಕ್ಕೆ ಬರತೊಡಗಿತು. ಕೈಹೊಲಿಗೆಯಲ್ಲಿ ದಪ್ಪ ಮಖಮಲ್ಲಿನ ಮೇಲೆ ಗಜಗಟ್ಟಲೆ ಪಟ್ಟಿ ಕೂಡಿಸುವುದು ದಿನಗಟ್ಟಲೆಯ ಕೆಲಸ. ಯಂತ್ರಕ್ಕೆ ಅದು ಗಂಟೆಯ ಮಾತು. ಕಂಪೆನಿ ನಾಟಕದ ರಾಜಪೋಷಾಕಿನ ಮೇಲೆ ಪಟ್ಟಿಗಳ ಸುರಿಮಳೆಯಾದುದಕ್ಕೆ ಅಭಿರುಚಿಯಷ್ಟೇ ಈ ಯಂತ್ರವೂ ಕಾರಣವೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಒತ್ತಾಸೆಯಾಗಿ ಬಂದದ್ದು ರಾಜಾ ರವಿವರ್ಮನ ಚಿತ್ರಗಳು. ಬರೋಡೆಯ ಅರಮನೆಗಾಗಿ ಪುರಾಣದ ಹದಿನಾಲ್ಕು ಚಿತ್ರಗಳನ್ನು ಬರೆಯುವ ಹೊಣೆ ಹೊತ್ತ ರವಿವರ್ಮನು, ಪುರಾಣದ ಸ್ತ್ರೀಯರಿಗೆ ಯಾವ ಪ್ರಾಂತದ ಉಡುಪನ್ನು ತೊಡಿಸುವುದೆಂದು ದೇಶ ಸುತ್ತಿ ನೋಡಿದನು. 1894ರಲ್ಲಿ ಅವನು ಮುಂಬಯಿಯಲ್ಲಿ ಸ್ಥಾಪಿಸಿದ ಶಿಲಾಮುದ್ರಣಾಲಯದಿಂದ ಹೊರಟ ಪ್ರತಿಗಳು ಮನೆಮನೆಗೆ ತಲುಪಿದ ಮೇಲೆ, ಕಚ್ಚೆ ಹಾಕಿದ ಸೀರೆ ಮತ್ತು ಹೊಲಿದ ರವಿಕೆಯೇ ದೇವಿಯರ ಸನಾತನ ಉಡುಪೆಂದು ಜನ ನಂಬಿದರು. ಈ ಮುಂಬಯಿ ವೇಷ ರೈಲು ಹತ್ತಿ ಕರ್ನಾಟಕಕ್ಕೆ ಹಿಂದಿರುಗಿತು. ಮೈಸೂರಿನ ಅರಮನೆಯ ನಾಟಕ ಸಭೆ, ಗುಬ್ಬಿ ಕಂಪೆನಿ ಮುಂತಾದವು ಅದನ್ನು ತಮ್ಮದಾಗಿಸಿಕೊಂಡವು; ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದ (1934) ವೈಭವ ಇಂದಿಗೂ ಕಥೆಯಾಗಿದೆ. ಯಕ್ಷಗಾನದ ಡೇರೆ ಮೇಳಗಳು ಟಿಕೇಟಿನ ಆಟಕ್ಕಿಳಿದಾಗ ಅದೇ ಹೊಳಪು ಅವುಗಳ ಪೆಟ್ಟಿಗೆಯನ್ನೂ ಸೇರಿತು. ಕರ್ಕಿಯಿಂದ ಸಾಂಗಲಿ, ಸಾಂಗಲಿಯಿಂದ ಮುಂಬಯಿ, ಮುಂಬಯಿಯಿಂದ ಮತ್ತೆ ಕರಾವಳಿ. ಹೀಗೆ ಸುಮಾರು ನೂರು ವರ್ಷಗಳ ಸುತ್ತು ಹಾಕಿ ಬಂದ ವೇಷವನ್ನು ಕೇವಲ ಪರಕೀಯವೆನ್ನುವುದು ಹೇಗೆ? ಹೊರಟಾಗ ಇದ್ದ ಕಂಕುಳ ತುಂಡು ಹಿಂದಿರುಗುವಾಗ ಎಷ್ಟು ಕಡೆ ಉಳಿದಿತ್ತು ಎಂಬುದೇ ಕೇಳಬೇಕಾದ ಪ್ರಶ್ನೆ.

ಚಲನಚಿತ್ರದ ವೇಷಗಾರರು ಇದೇ ಸಮಸ್ಯೆಯನ್ನು ಬೇರೆ ತುದಿಯಿಂದ ಎದುರಿಸಿದರು. ಕೆ. ಆಸಿಫರ ‘ಮೊಗಲ್-ಎ-ಆಜಮ್’ (1960) ಚಿತ್ರಕ್ಕೆ ದಿಲ್ಲಿಯಿಂದ ದರ್ಜಿಗಳು, ಸೂರತ್ತಿನ ಕಡೆಯಿಂದ ಕಸೂತಿಯವರು, ಆಗ್ರಾದಿಂದ ಪಾದರಕ್ಷೆ, ಕೊಲ್ಹಾಪುರದಿಂದ ಕಿರೀಟ ಮಾಡುವವರು ಒದಗಿದರು. ಕಸುಬು ಜೀವಂತವಾಗಿದ್ದ ಊರನ್ನು ಹುಡುಕಿ ಹೋದದ್ದರಲ್ಲಿ ವಿವೇಕವಿತ್ತು. ಪ್ರಾಚೀನ ಕಾಲಕ್ಕೆ ಅಂಥ ಊರು ಸಿಗುವುದಿಲ್ಲ. ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಭಾನು ಅಥೈಯಾ ಅವರು ‘ಆಮ್ರಪಾಲಿ’ (1966) ಚಿತ್ರಕ್ಕಾಗಿ ಅಜಂತೆಯ ಗೋಡೆಗಳನ್ನೇ ಆಧಾರವಾಗಿ ಇಟ್ಟುಕೊಂಡರು. ಮುಂದೆ ‘ಗಾಂಧಿ’ ಚಿತ್ರದ ವೇಷಭೂಷಣಕ್ಕಾಗಿ 1983ರಲ್ಲಿ ಜಾನ್ ಮೊಲ್ಲೋ ಅವರೊಡನೆ ಆಸ್ಕರ್ ಪಡೆದ ಅವರು 2020ರಲ್ಲಿ ತೀರಿಕೊಂಡರು. ಎರಡು ಕೆಲಸಗಳ ಸ್ವರೂಪ ಬೇರೆ: ಗಾಂಧಿಯವರ ಕಾಲಕ್ಕೆ ಛಾಯಾಚಿತ್ರವಿತ್ತು, ಧರಿಸಿದ್ದವರು ಇನ್ನೂ ಬದುಕಿದ್ದರು. ಆಮ್ರಪಾಲಿಗೆ ಇದ್ದದ್ದು ಗೋಡೆ ಮಾತ್ರ. ಗೋಡೆಯ ಮೇಲಿನ ಆಕೃತಿ ಅಲುಗುವುದಿಲ್ಲ, ನಟಿ ಕುಣಿಯಬೇಕು. ಸುತ್ತಿ ಉಟ್ಟ ಬಟ್ಟೆಯ ನೆರಿಗೆ ಪ್ರತಿ ಚಿತ್ರಿಕೆಯಲ್ಲಿ ಒಂದೇ ರೀತಿ ಇರಬೇಕಾದರೆ ಅದನ್ನು ಗುಪ್ತವಾಗಿ ಹೊಲಿದು ನಿಲ್ಲಿಸುವುದು ವೇಷಗಾರರಿಗೆ ಅನಿವಾರ್ಯ. ಭರತನಾಟ್ಯದ ಇಂದಿನ ಉಡುಪಿನಲ್ಲಿ ಬೀಸಣಿಗೆಯಂತೆ ಬಿಚ್ಚುವ ನೆರಿಗೆಯೂ ಹೊಲಿಗೆಯ ಫಲವೇ. ಹೊಲಿಗೆಯಿಲ್ಲದ ಕಾಲವೆಂದು ನಾವು ಭಾವಿಸಿದ್ದನ್ನು ತೋರಿಸಲು ಹೆಚ್ಚು ಹೊಲಿಗೆ ಬೇಕಾದದ್ದು ವಿನೋದವೇ ಸರಿ.

ದೂರದರ್ಶನದಲ್ಲಿ 1987ರ ‘ರಾಮಾಯಣ’ ಬಂದಾಗ ಮುಂಬಯಿಯ ಹಳೆಯ ಬಾಡಿಗೆ ವೇಷದಂಗಡಿಯಾದ ಮಗನ್‌ಲಾಲ್ ಡ್ರೆಸ್‌ವಾಲಾ ಅವರ ಪೋಷಾಕುಗಳು ಕಂಪೆನಿ ನಾಟಕದ ಮಖಮಲ್ಲನ್ನು ದೇಶದ ಕೋಟ್ಯಂತರ ಮನೆಗಳಿಗೆ ಒಯ್ದವು. ನಾಲ್ಕು ವರ್ಷಗಳ ಅನಂತರ ‘ಚಾಣಕ್ಯ’ ಧಾರಾವಾಹಿಯಲ್ಲಿ ಸಲೀಂ ಆರಿಫರು ಅದಕ್ಕೆ ತದ್ವಿರುದ್ಧವಾಗಿ ಸುತ್ತಿ ಉಡುವ ಸರಳ ವಸ್ತ್ರಗಳನ್ನು ಬಳಸಿದರು. ವಿದ್ಯಾವಂತರು ಇದನ್ನು ಮೆಚ್ಚಿಕೊಂಡದ್ದು ನ್ಯಾಯವೇ. ಆದರೆ ಅಲ್ಲಿಂದಾಚೆಗೆ ‘ಹೊಲಿಗೆ ಇಲ್ಲದಿದ್ದರೆ ಶುದ್ಧ, ಇದ್ದರೆ ಅಶುದ್ಧ’ ಎಂಬ ಹೊಸ ಮೌಢ್ಯವೊಂದು ಹಬ್ಬಿದಂತೆ ತೋರುತ್ತದೆ. ಅದು ಬುಕಾನನ್ನನ ಹಳೆಯ ಮಾತೇ ಬೇರೆ ಬಾಗಿಲಿನಿಂದ ಒಳಬಂದಂತೆ. ಈ ಎರಡು ಅತಿಗಳ ನಡುವೆ ನಮಗೆ ಹೆಚ್ಚು ನೆರವಾದದ್ದು ರೋಶನ್ ಅಲ್ಕಾಜಿಯವರ ಮಾರ್ಗ. ಗಿರೀಶ ಕಾರ್ನಾಡರ ‘ತುಘಲಕ್’ ಸೇರಿದಂತೆ ಇಬ್ರಾಹಿಂ ಅಲ್ಕಾಜಿಯವರ ಪ್ರಯೋಗಗಳಿಗೆ ವೇಷ ರೂಪಿಸಿದ ಅವರು 1983ರಲ್ಲಿ ಪ್ರಕಟಿಸಿದ ಪ್ರಾಚೀನ ಭಾರತೀಯ ಉಡುಪಿನ ಪುಸ್ತಕವು, ಶಿಲ್ಪವನ್ನು ನೋಡಿ ಬಟ್ಟೆಯನ್ನು ಮೈಮೇಲೆ ಹೇಗೆ ತರುವುದೆಂದು ರೇಖಾಚಿತ್ರಗಳ ಮೂಲಕ ವಿವರಿಸುತ್ತದೆ. ಕನ್ನಡದಲ್ಲಿ ಅಂಥ ಪುಸ್ತಕದ ಅಗತ್ಯ ಬಹಳವಿದೆ.

ಇಷ್ಟಾದರೂ, ಇದು ವಿದ್ವಾಂಸರ ಕುತೂಹಲದ ವಿಷಯ ಮಾತ್ರವೆಂದು ತಿಳಿಯಬಾರದು. ಸಾಂತಾಕ್ರೂಜಿನಲ್ಲಿ ನೆರೆಯುವ ಪ್ರೇಕ್ಷಕರಲ್ಲಿ ತುಳುನಾಡಿನ ಬಿಲ್ಲವರ ಸಂಖ್ಯೆ ದೊಡ್ಡದು. ಅವರಿಗೆ ಅತ್ಯಂತ ಪ್ರಿಯವಾದ ಪ್ರಸಂಗ ‘ಕೋಟಿ ಚೆನ್ನಯ’. ದೇಯಿ ಬೈದೆದಿಯ ಈ ಅವಳಿ ಮಕ್ಕಳು ಪಡುಮಲೆಯ ಬಲ್ಲಾಳನ ಅನ್ಯಾಯವನ್ನು ಎದುರಿಸಿ, ಎಣ್ಮೂರಿನ ಯುದ್ಧದಲ್ಲಿ ಮಡಿದು, ಗರಡಿಗಳಲ್ಲಿ ದೈವವಾಗಿ ಆರಾಧನೆಗೊಳ್ಳುವವರು. ಅವರ ಕಾಲವನ್ನು ಸಾಮಾನ್ಯವಾಗಿ ಹದಿನಾರನೆಯ ಶತಮಾನದ ಸುಮಾರೆಂದು ಹೇಳುತ್ತಾರೆ; ಅಂದರೆ ಲೇಪಾಕ್ಷಿಯ ಚಿತ್ರಗಳ ಆಸುಪಾಸು. ರಂಗದ ಮೇಲೆ ಅವರಿಗೆ ಯಾವ ಉಡುಪು? ಚರಿತ್ರೆಯ ನಿಷ್ಠೆಯೆಂದರೆ ಸೊಂಟಕ್ಕೊಂದು ಬಟ್ಟೆ, ತಲೆಗೆ ಹಾಳೆಯ ಮುಟ್ಟಾಳೆ ಎಂದು ವಾದಿಸುವವರಿದ್ದಾರೆ. ಅರಸರ ವೇಷದಂತೆಯೇ ದಗಲೆ, ಎದೆಕಟ್ಟು ಬೇಕೆನ್ನುವವರೂ ಇದ್ದಾರೆ. ಮೊದಲನೆಯ ವಾದ ಮೇಲ್ನೋಟಕ್ಕೆ ಶಾಸ್ತ್ರೀಯವಾಗಿ ಕಾಣುತ್ತದೆ. ಆದರೆ ಪಶ್ಚಿಮ ಕರಾವಳಿಯಲ್ಲಿ ಮೇಲುಡುಪೆಂಬುದು ಬರಿಯ ಉಡುಪಾಗಿರಲಿಲ್ಲ, ಅಂತಸ್ತಾಗಿತ್ತು. ತಿರುವಾಂಕೂರಿನಲ್ಲಿ ನಾಡಾರ್ ಸ್ತ್ರೀಯರು ಮೈ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ 1859ರಲ್ಲಿ ಅರಸನ ಘೋಷಣೆಯನ್ನು ಪಡೆಯಬೇಕಾಯಿತು. ಹೊಲಿದ ಅಂಗಿಯನ್ನು ಯಾರ ಮೈಗೆ ನಿರಾಕರಿಸಲಾಗಿತ್ತೋ ಅವರ ವೀರರಿಗೆ ರಂಗವು ಹೊಲಿದ ದಗಲೆಯನ್ನು ಕೊಟ್ಟಿತೆಂದರೆ, ಅದನ್ನು ವೇಷದ ಅಪಭ್ರಂಶವೆಂದು ತಳ್ಳಿಹಾಕುವ ಮೊದಲು ನಾವು ಎರಡು ಬಾರಿ ಯೋಚಿಸಬೇಕಾಗುತ್ತದೆ. ಯಕ್ಷಗಾನದ ಪದ್ಧತಿಯಲ್ಲಿ ವೇಷವು ಪಾತ್ರದ ಕಾಲವನ್ನು ಹೇಳುವುದಿಲ್ಲ, ಪದವಿಯನ್ನು ಹೇಳುತ್ತದೆ. ಆ ಪದವಿಯ ಭಾಷೆ ಮಾತ್ರ ವಿಜಯನಗರೋತ್ತರ ಆಸ್ಥಾನಗಳಿಂದ ಬಂದುದು. ಅದರ ಮಟ್ಟಿಗೆ ಅದು ಚಾರಿತ್ರಿಕವೇ.

ಆದ್ದರಿಂದ ಯಾವ ವೇಷವನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂದು ಮೇಳಗಳಿಗೆ ಉಪದೇಶಿಸುವುದು ಸಂಶೋಧಕರ ಕೆಲಸವಲ್ಲವೆಂದು ನಾವು ತಿಳಿಯುತ್ತೇವೆ. ನಮ್ಮ ಕೆಲಸ ದಾಖಲೆ, ಮತ್ತು ಅದು ತುರ್ತಿನದು. ಅಸಲಿ ಜರಿಯ ಹಳೆಯ ಬಟ್ಟೆಗಳನ್ನು ಬೆಳ್ಳಿಗಾಗಿ ಸುಡುತ್ತಾರೆ; ಜರಿಯಿಲ್ಲದವು ಇಲಿ ಹಾಗೂ ತೇವಕ್ಕೆ ಸಲ್ಲುತ್ತವೆ. ಹೊಸ ದಗಲೆ ಹೊಲಿಯುವವರು ಕೋಟು ಶರ್ಟುಗಳ ಪದ್ಧತಿಯಲ್ಲಿ ಕಲಿತವರು. ಪ್ರಸಂಗಗಳ ಹಸ್ತಪ್ರತಿಗಳನ್ನು ಸಂಗ್ರಹಿಸಿದ್ದೇವೆ, ಭಾಗವತರ ಹಾಡುಗಳನ್ನು ಧ್ವನಿಮುದ್ರಿಸಿದ್ದೇವೆ, ಬಣ್ಣದ ಮುಖಗಳ ಛಾಯಾಚಿತ್ರಗಳಿಗಂತೂ ಲೆಕ್ಕವಿಲ್ಲ. ಕತ್ತರಿಕೆಯ ನಕ್ಷೆಗಳು ಎಷ್ಟಿವೆ?

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಒಂದು ಅನುಕೂಲವಿದೆ. ಮಳೆಗಾಲದ ಎರಡು ತಿಂಗಳು ತೆಂಕು ಬಡಗು ಎರಡೂ ತಿಟ್ಟುಗಳ ಪೆಟ್ಟಿಗೆಗಳು ಒಂದೇ ನಗರದಲ್ಲಿರುತ್ತವೆ. ಕರಾವಳಿಯಲ್ಲಿ ಅವುಗಳ ಹಿಂದೆ ಊರೂರು ಅಲೆಯಬೇಕು. ಕಲೀನಾದ ಕನ್ನಡ ವಿದ್ಯಾರ್ಥಿಯೊಬ್ಬರು ಜುಹುವಿನ ವಸ್ತ್ರಶಾಸ್ತ್ರದ ವಿದ್ಯಾರ್ಥಿನಿಯೊಬ್ಬರ ಜೊತೆಗೂಡಿ ಚೌಕಿಗೆ ಹೋದರೆ, ಒಬ್ಬರಿಗೆ ಪದ ತಿಳಿದಿರುತ್ತದೆ, ಇನ್ನೊಬ್ಬರಿಗೆ ಹೊಲಿಗೆ. ಬರೆದುಕೊಳ್ಳಬೇಕಾದದ್ದು ಹೆಚ್ಚಲ್ಲ: ಬಟ್ಟೆಯ ಅಗಲ, ತುಂಡುಗಳ ಸಂಖ್ಯೆ, ಕಂಕುಳಲ್ಲಿ ಚೌಕವೋ ಕಮಾನೋ, ಹೊಲಿಗೆ ಕೈಯದೋ ಯಂತ್ರದ್ದೋ, ಕಟ್ಟುವುದು ಲಾಡಿಯಿಂದಲೋ ಗುಂಡಿಯಿಂದಲೋ, ಒಳಗೆ ಅಸ್ತರು ಯಾವುದು, ಹಿಂದೆ ಎಷ್ಟು ಬಾರಿ ಬಿಚ್ಚಿ ಹೊಲಿದ ಗುರುತುಗಳಿವೆ. ಒಂದು ದಗಲೆಗೆ ಅರ್ಧ ಗಂಟೆ ಸಾಕು. ಆದರೆ ಸಂಜೆ ನಾಲ್ಕರೊಳಗೆ ಹೋಗಬೇಕು. ಬಣ್ಣಕ್ಕೆ ಕುಳಿತ ಮೇಲೆ ಚೌಕಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ದಗಲೆ ಮೈಮೇಲೇರಿದ ಮೇಲೆ ಬೆಳಗಿನವರೆಗೆ ಅದರ ಒಳಮೈ ಕಾಣಸಿಗುವುದಿಲ್ಲ.